ಕರೆಂಟಿನ ಕಿಟ್ಲಿ ಮತ್ತು ನಮ್ಮ ಕಾಕಾ

ನಮ್ಮ ಕಾಕಾನಷ್ಟು ಧೈರ್ಯದ ಮನುಷ್ಯ ಗೋಕಾಕ ತಾಲೂಕಿನಲ್ಲೇ ಇರಲಿಲ್ಲವೆಂದು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಒಂದೇ ಷರತ್ತು, ಆ ಹೊತ್ತಿಗೆ ಎದುರಿಗೆ ಕಿಟ್ಲಿ ಇರಬಾರದು! ಪ್ರಾಯದಲ್ಲಿ ಮೂಡಲಗಿ ಕಡೆ ಕುರಿ ಕಾಯುವಾಗ, ಹಟ್ಟಿಗೆ ನುಗ್ಗಿದ ತೋಳವನ್ನು ಬರೀ ಬಡಿಗೆ ಹಿಡಿದು ಹಳ್ಳದ ತನಕ ಅಟ್ಟಿಕೊಂಡು ಹೋದವರು ಅವರು. ಆಮೇಲೆ ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಗೇಟು ಕಾಯುವ ಕೆಲಸ ಸಿಕ್ಕಿತು. ಅವರ ಮೀಸೆ ನೋಡಿಯೇ ಎಷ್ಟೋ ಜನ ಬಂದ ದಾರಿ ಹಿಡಿಯುತ್ತಿದ್ದರು. ಅಂಥವರನ್ನು ಗೇಣುದ್ದದ ಒಂದು ಪಾತ್ರೆ ಗಡಗಡ ನಡುಗಿಸಿತು ಎಂದರೆ ನೀವು ನಂಬುವುದಿಲ್ಲ. ನಂಬದಿದ್ದರೆ ಬಿಡಿ, ಕೇಳಿ.

ಇದಕ್ಕೆಲ್ಲ ಮೂಲ ಕಾಕಿಯ ದಮ್ಮು. ಗಿರಣಿಯವರು ಕೊಟ್ಟದ್ದು ಒಂದು ಖೋಲಿಯ ಮನೆ, ಮೂಲೆಯಲ್ಲೇ ಒಲೆ. ಮುಂಜಾನೆ ಒಲೆ ಹಚ್ಚಿದರೆ ಸಾಕು, ಹೊಗೆ ಖೋಲಿ ತುಂಬಿ ಕಾಕಿಗೆ ಉಸಿರಾಡಲು ಆಗುತ್ತಿರಲಿಲ್ಲ. ಕಾಕಾ ಅವಳನ್ನು ಘಟಪ್ರಭಾದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದರು. ಮ್ಯಾಟ್ರಿಕ್ ಓದಲು ಅವರ ಮನೆಯಲ್ಲೇ ಇದ್ದ ನಾನೂ ಹೋಗಿದ್ದೆ.

"ಎದ್ದ ಕೂಡ್ಲೆ ಬಿಸಿ ನೀರಿನ ಉಗಿ ತಗೋಬೇಕು. ಒಲಿ ಹೊಗಿ ಮಾತ್ರ ಹತ್ರ ಬರಬಾರ್ದು," ಎಂದರು ಡಾಕ್ಟರು.

"ಒಲಿ ಇಲ್ದ ನೀರ ಹೆಂಗ ಕಾಸೂದ್ರಿ?"

"ನಿಮ್ಮ ಮನ್ಯಾಗ ಕರೆಂಟ್ ಐತಲ್ಲ. ಕರೆಂಟಿನ ಕಿಟ್ಲಿ ಹಚ್ರಿ."

ತಿರುಗಿ ಬರುವಾಗ ಕಾಕಾ ದಾರಿಯುದ್ದಕ್ಕೂ ಕರೆಂಟಿನ ಕಂಬಗಳಿಂದ ದೂರ ಸರಿದು ನಡೆದರು.

ಕಿಟ್ಲಿ ಕೊಳ್ಳುವ ಕಷ್ಟವಿರಲಿಲ್ಲ, ಅದು ನಮ್ಮ ಬಳಗದಲ್ಲೇ ಇತ್ತು. ಹುಕ್ಕೇರಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದ ಕಾಕಿಯ ಅಣ್ಣನಿಗೆ, ವರ್ಗವಾಗಿ ಹೋಗುತ್ತಿದ್ದ ಸಾಹೇಬರೊಬ್ಬರು ಅದನ್ನು ಕೊಟ್ಟು ಹೋಗಿದ್ದರು. ಮಾಸ್ತರರ ಮನೆಗೆ ಆಗ ಕರೆಂಟೇ ಬಂದಿರಲಿಲ್ಲ. ಅವರು ಅದನ್ನು ಗೋಡೆಯ ಗೂಡಿನಲ್ಲಿಟ್ಟು, ದಸರೆಯ ಖಂಡೇ ಪೂಜೆಯ ದಿನ ಕುಂಕುಮ ಹಚ್ಚಿ, ಬಂದ ಬೀಗರಿಗೆಲ್ಲ ತೋರಿಸುತ್ತಿದ್ದರು. ತೋರಿಸಿ ತೋರಿಸಿ ಬೇಸರವಾದ ಮೇಲೆ ಮೂಡಲಗಿಯಲ್ಲಿದ್ದ ನಮ್ಮ ಅವ್ವನಿಗೆ ಕೊಟ್ಟರು. ನಮ್ಮವ್ವನೋ, ವಾಯರು ಕಿತ್ತು ಚೀಲಕ್ಕೆ ಹಾಕಿ, ಕಿಟ್ಲಿಯ ಸೊಂಡಿಯಿಂದ ತಾಯಿ ಸತ್ತ ಮರಿಗಳಿಗೆ ಹಾಲು ಕುಡಿಸತೊಡಗಿದಳು. ನಮ್ಮ ಹಟ್ಟಿಯ ಎಷ್ಟೋ ಕುರಿಮರಿಗಳು ದೊಡ್ಡವಾಗುವ ತನಕ ಆ ಕಿಟ್ಲಿಯನ್ನೇ ತಾಯಿ ಎಂದುಕೊಂಡಿದ್ದವು! ಅದನ್ನು ಬೂದಿ ಹಚ್ಚಿ ತಿಕ್ಕಿ, ವಾಯರು ಹುಡುಕಿ ಫಾಲ್ಸಿಗೆ ಹೊತ್ತು ತಂದವಳು ನಾನು.

ಬಾಜೂ ಮನೆಯಲ್ಲಿ ಗಿರಣಿಯ ವಾಯರಮನ್ ಇದ್ದ. ಅವನ ಮನೆಯಲ್ಲೂ ಇಂಥದೇ ಕಿಟ್ಲಿ. ಅವನ ಹೆಂಡತಿ ಅದರಲ್ಲೇ ಚಹಾಪುಡಿ, ಸಕ್ಕರೆ ಎಲ್ಲಾ ಸುರಿದು ಚಹಾ ಕುದಿಸುತ್ತಿದ್ದಳು, ತತ್ತಿಯನ್ನೂ ಬೇಯಿಸುತ್ತಿದ್ದಳು. ಆ ಚಹಾ ಕುಡಿದವರಿಗೆ ತತ್ತಿ ಬೇರೆ ತಿನ್ನುವ ಅಗತ್ಯವಿರಲಿಲ್ಲ. ಆ ವಾಯರಮನ್ ಬಂದು ನಮ್ಮ ಕಿಟ್ಲಿ ಜೋಡಿಸಿಕೊಟ್ಟ. ಕಾಕಾ ಬಾಗಿಲ ಹೊರಗೆ ನಿಂತು ವಿಚಾರಣೆ ಮಾಡಿದರು.

"ಕರೆಂಟ್ ಹೊಡಿಯೂದಿಲ್ಲಲ್ಲಪಾ?"

"ಒಣ ಕಂಬಳಿ ಮ್ಯಾಲ ನಿಂತ್ಕೊಂಡು ಬಟನ್ ಒತ್ರಿ, ಏನೂ ಆಗಂಗಿಲ್ಲ."

"ಮತ್ತ ನೀರಿನ್ಯಾಗ?"

"ಚಾಲೂ ಇದ್ದಾಗ ನೀರ ಮುಟ್ಟಬ್ಯಾಡ್ರಿ. ನೀರಿನ್ಯಾಗೂ ಕರೆಂಟ್ ಬರತೈತಿ."

ಅವನು ಸುಮ್ಮನೆ ಎಚ್ಚರಿಕೆಗೆಂದು ಹೇಳಿದ ಮಾತು. ಕಾಕಾನ ತಲೆಯಲ್ಲಿ ಅದು ಬೇರೂರಿ ಕೂತಿತು.

ಮರುದಿನದಿಂದ ನಮ್ಮ ಮನೆಯ ಮುಂಜಾನೆ ಹೀಗೆ. ಕಾಕಾ ನನ್ನನ್ನೂ ಕಾಕಿಯನ್ನೂ ಹೊರಗೆ ಕಳಿಸುತ್ತಿದ್ದರು. ನಾಲ್ಕು ಮಡಿಕೆಯ ಕಂಬಳಿ ಹಾಸಿ, ಅದರ ಮೇಲೆ ಟಾಯರಿನ ಚಪ್ಪಲಿ ಮೆಟ್ಟಿ ನಿಲ್ಲುತ್ತಿದ್ದರು. ಮನೆಯೊಳಗೆ ಚಪ್ಪಲಿ ಮೆಟ್ಟಿದ ನಮ್ಮ ವಂಶದ ಮೊದಲ ಗಂಡಸು ಅವರೇ ಇರಬೇಕು! ಆಮೇಲೆ ತೋಳ ಅಟ್ಟಿದ ಅದೇ ಬಡಿಗೆ ತೆಗೆದು, ಒಂದು ಮಾರು ದೂರದಿಂದ ಬಟನ್ನಿಗೆ ಗುರಿಯಿಡುತ್ತಿದ್ದರು. ಬಡಿಗೆ ಒಮ್ಮೆ ಗೋಡೆಗೆ, ಒಮ್ಮೆ ಕ್ಯಾಲೆಂಡರಿಗೆ. ಬಟನ್ ಒತ್ತುವ ಮೊದಲು ದಿನಾಲೂ ನನಗೊಂದು ಮಾತು ತಪ್ಪುತ್ತಿರಲಿಲ್ಲ.

"ಏ ತಂಗಿ, ನನಗೇನಾರ ಆತಂದ್ರ ನಿಮ್ಮ ಕಾಕಿಗೆ ತಂಗಳ ರೊಟ್ಟಿ ಹಾಕಬ್ಯಾಡ್ರಿ. ಆಕಿಗೆ ಆಗಿ ಬರಂಗಿಲ್ಲ."

"ಕಾಕಾ, ಇಷ್ಟ ಹೆದರಿಕಿ ಇದ್ರ ನಾ ಒತ್ತೀನ್ರಿ," ಎಂದೆ ಒಂದು ದಿನ.

"ನಿನಗೇನಾರ ಆದ್ರ ನಿಮ್ಮಪ್ಪಗ ಏನ್ ಹೇಳ್ಲಿ? ಹೊರಗ ನಿಂದ್ರ ನೀ."

ಇಷ್ಟೇ ಆಗಿದ್ದರೆ ನಗುತ್ತಾ ಇರಬಹುದಿತ್ತು. ನೀರು ಕುದಿದ ಮೇಲೆ ಇನ್ನೊಂದು ಪ್ರಸಂಗ ಶುರುವಾಗುತ್ತಿತ್ತು. ನೀರಿನಲ್ಲಿ ಕರೆಂಟ್ ಉಳಿದಿರುತ್ತದೆಂದು ಕಾಕಾನ ನಂಬಿಕೆ. ಅದಕ್ಕೆ ಬಟನ್ ಆರಿಸಿ, ಕಿಟ್ಲಿಯನ್ನು ಅಂಗಳದ ಮಣ್ಣಿನ ಮೇಲಿಟ್ಟು, ಕರೆಂಟೆಲ್ಲ ಭೂಮಿಗೆ ಇಳಿಯಲೆಂದು ಅದರ ಎದುರು ಕುಕ್ಕುರುಗಾಲಲ್ಲಿ ಕಾಯುತ್ತ ಕೂಡುತ್ತಿದ್ದರು. ಆಮೇಲೆ ಒಂದು ಚೊಂಬು ಮಣ್ಣಿಗೆ ಸುರಿದು, ಉಳಿದದ್ದನ್ನು ಕಾಕಿಗೆ ಕೊಡುತ್ತಿದ್ದರು. ಅಷ್ಟೊತ್ತಿಗೆ ಉಗಿ ಎಲ್ಲಿಯದು?

"ಇದು ಉಗಿ ತಗೊಳೊ ನೀರಲ್ರಿ, ಮಾರಿ ತೊಳಿಯೋ ನೀರು," ಎನ್ನುತ್ತಿದ್ದಳು ಕಾಕಿ. ಎಂದು, ಅದರಲ್ಲೇ ಮುಖ ತೊಳೆದುಕೊಳ್ಳುತ್ತಿದ್ದಳು. ನಾನೂ ವಾಯರಮನ್ನನೂ ಎಷ್ಟು ತಿಳಿಸಿ ಹೇಳಿದರೂ ಕಾಕಾ ಒಪ್ಪಲಿಲ್ಲ. "ಆಕಿ ಬಾಯಾಗ ಕರೆಂಟ್ ಹೋದ್ರ ನೀವ್ ಬರ್ತೀರೇನು?" ಎಂದು ನಮ್ಮ ಮೇಲೆಯೇ ರೇಗುತ್ತಿದ್ದರು. ದಿನ ಕಳೆದಂತೆ ಕಾಕಿಯ ದಮ್ಮು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ನನಗೆ ನಗು ಬರುವುದು ನಿಂತು ಭಯವಾಗತೊಡಗಿತು.

ಚಳಿಗಾಲದ ಒಂದು ಮುಂಜಾನೆ ಕಾಕಿಗೆ ಎದ್ದು ಹೊರಗೆ ಹೋಗಲೂ ಆಗಲಿಲ್ಲ, ನಾನೂ ಅವಳ ಹತ್ತಿರವೇ ಉಳಿದೆ. ಕಾಕಾ ಕಂಬಳಿ ಮೇಲೆ ನಿಂತು ಬಟನ್ ಒತ್ತಿ ಕಾಯುತ್ತಿದ್ದರು. ಹಾಸಿಗೆಯ ಮೇಲಿದ್ದ ಕಾಕಿ ಗೋಡೆ ಹಿಡಿದು ಎದ್ದು ಕೂತಳು. ಬಾಯಿ ತೆರೆದಿತ್ತು, ಉಸಿರು ಒಳಗೆ ಹೋಗುತ್ತಿರಲಿಲ್ಲ. ತುಟಿ ನೀಲಿಗಟ್ಟಿದವು. ಅವಳ ಕೈ ಗಾಳಿಯಲ್ಲಿ ಯಾರನ್ನೋ ಹುಡುಕಿತು. ಇವಳು ಸತ್ತೇ ಹೋಗುತ್ತಾಳೆ ಎನ್ನಿಸಿ ನಾನು ಕಾಕಾನನ್ನು ಚೀರಿ ಕರೆದೆ.

ಕಾಕಾ ಓಡಿ ಬಂದು ಅವಳನ್ನು ಹಿಡಿದರು. ಚಪ್ಪಲಿ ಒಂದು ಆ ಕಡೆ, ಒಂದು ಈ ಕಡೆ. ಕಂಬಳಿ ಕಾಲಿಗೆ ತೊಡರಿತೆಂದು ಒದ್ದರು, ಅದು ನೀರಿನ ಚೊಂಬು ಉರುಳಿಸಿ ಮೂಲೆಗೆ ಹೋಗಿ ಬಿತ್ತು. ಅವಳನ್ನು ನನ್ನ ತೋಳಿಗೆ ಒರಗಿಸಿ, ನೀರು ಚೆಲ್ಲಿದ ನೆಲದ ಮೇಲೆ ಬರಿಗಾಲಲ್ಲಿ ನಡೆದು, ಬರಿಗೈಯಿಂದ ಬಟನ್ ಆರಿಸಿ, ವಾಯರು ಕಿತ್ತು, ಕುದಿಯುವ ಕಿಟ್ಲಿ ತಂದು ಅವಳ ಮುಖದ ಮುಂದೆ ಮುಚ್ಚಳ ತೆಗೆದು ಹಿಡಿದರು. ಕಾಕಿಯ ತಲೆಯ ಮೇಲೆ ಸೆರಗು ಎಳೆದು, ತಾವೂ ಅದರೊಳಗೆ ತಲೆ ಹಾಕಿದರು. "ತಗೋ, ಇನ್ನೊಂದ ತಗೋ, ಜೋರಲೆ ಎಳಕೋ," ಎನ್ನುವುದಷ್ಟೇ ಕೇಳುತ್ತಿತ್ತು. ಎಷ್ಟು ಹೊತ್ತು ಹಾಗಿದ್ದರೋ. ಕಾಕಿಯ ಎದೆಯ ಸೀಟಿ ನಿಧಾನಕ್ಕೆ ಸಣ್ಣದಾಯಿತು. ಮುಖಕ್ಕೆ ಬಣ್ಣ ಬಂತು.

ಕಾಕಾ ಕಿಟ್ಲಿ ಕೆಳಗಿಟ್ಟು ಗೋಡೆಗೆ ಒರಗಿದರು. ಆಗ ಅವರ ಕಣ್ಣು ತಮ್ಮ ಬರಿಗಾಲಿನ ಮೇಲೆ ಬಿತ್ತು.

"ಏ ತಂಗಿ," ಎಂದರು, "ನಾ ಕಂಬಳಿ ಮ್ಯಾಲ ನಿಂತಿದ್ನಲ್ಲ?"

ಅವರ ಪಾದ ಒದ್ದೆಯಾಗಿತ್ತು. ಕಂಬಳಿ ಮೂಲೆಯಲ್ಲಿತ್ತು.

"ಹೂಂ ಕಾಕಾ, ನಿಂತಿದ್ರಿ," ಎಂದೆ. ಹಿರಿಯರಿಗೆ ನಾನು ಹೇಳಿದ ಮೊದಲ ಸುಳ್ಳು ಅದು. ಚೆನ್ನಾಗಿ ಹೇಳಲು ಬರಲಿಲ್ಲ. ಕಾಕಾ ನನ್ನನ್ನೇ ದಿಟ್ಟಿಸಿದರು.

ಕಾಕಿ ಆಗ ಕಣ್ಣು ತೆರೆದಳು. ಅಷ್ಟು ಕಷ್ಟದಿಂದ ಪಡೆದ ಉಸಿರನ್ನೆಲ್ಲ ಕೂಡಿಸಿಕೊಂಡು ಹೇಳಿದಳು:

"ನಿಂತಿದ್ರಿ... ನಾನೂ... ನೋಡೇನಿ."

ನನಗೆ ಅಳು ತಡೆಯಲಾಗಲಿಲ್ಲ. ಕಾಕಾ ಹೆಂಡತಿಯ ಮುಖ ನೋಡಿದರು. ಆಮೇಲೆ ಹೌದೆಂಬಂತೆ ತಲೆಯಾಡಿಸಿ, ಧೋತರದ ಚುಂಗಿನಿಂದ ಒದ್ದೆ ಕಾಲು ಒರೆಸಿಕೊಂಡು, ಅವಳಿಗೆ ಇನ್ನೊಂದು ಸಲ ಉಗಿ ಕೊಡಲು ಕಿಟ್ಲಿಗೆ ನೀರು ತುಂಬಿಸಿದರು.