ಚಿಕ್ಕಮ್ಮನ ಸೇನಾ ರಹಸ್ಯಗಳು

ನನ್ನ ಚಿಕ್ಕಮ್ಮನವರು ಹಲವು ವರ್ಷಗಳ ಕಾಲ ಒಂದು ದೇಶದ ಸೇನಾ ರಹಸ್ಯಗಳನ್ನು ಪ್ರಾಣದಂತೆ ಕಾಪಾಡಿದವರು ಎಂಬ ಸಂಗತಿಯನ್ನು ಈ ಮೂಲಕ ಮಾನ್ಯ ಓದುಗರ ಗಮನಕ್ಕೆ ತರಬಯಸುತ್ತೇನೆ. ಗಾಬರಿಯಾಗುವ ಅಗತ್ಯವಿಲ್ಲ. ಸದರಿ ರಹಸ್ಯಗಳಲ್ಲಿ ಬಹುಪಾಲು ಏಳರ ಮಗ್ಗಿಗೆ ಸಂಬಂಧಿಸಿದ್ದು, ಉಳಿದದ್ದು ಹೋಂವರ್ಕ್!

ನಾನು ಈ ಹಿಂದೆ ಲೇಖನವೆಂಬುದನ್ನು ಬರೆದವನಲ್ಲ. ದುಬೈನ ಜುಮೇರಾ ಲೇಕ್ ಟವರ್ಸ್‌ನ ಒಂದು ಕಚೇರಿಯಲ್ಲಿ ಕುಳಿತು ಅರ್ಜಿ, ಮನವಿಗಳನ್ನು ಸಿದ್ಧಪಡಿಸುವುದು ನನ್ನ ಉದ್ಯೋಗ. ಆದಕಾರಣ ಬರವಣಿಗೆಯಲ್ಲಿ ಕಂಡುಬರುವ ಲೋಪಗಳನ್ನು ಮನ್ನಿಸಬೇಕಾಗಿ ಕೋರುತ್ತೇನೆ.

ಚಿಕ್ಕಮ್ಮ ಎಂದರೆ ನನ್ನ ತಾಯಿಯ ತಂಗಿ, ಗದಗಿನವರು. ಅಬುಧಾಬಿಯಿಂದ ಆಚೆ ಒಂದು ಸೇನಾ ಶಿಬಿರದೊಳಗೆ, ಸೈನಿಕರ ಮಕ್ಕಳಿಗಾಗಿಯೇ ಇದ್ದ ಶಾಲೆಯಲ್ಲಿ ಗಣಿತದ ಶಿಕ್ಷಕಿ. ವಾರವಿಡೀ ಶಿಬಿರದ ವಸತಿಗೃಹದಲ್ಲಿದ್ದು, ಶುಕ್ರವಾರದ ವಾರದ ರಜೆಗೆಂದು ಗುರುವಾರ ಮಧ್ಯಾಹ್ನ ದುಬೈನ ದೇರಾದಲ್ಲಿದ್ದ ಮನೆಗೆ ಹೊರಡುತ್ತಿದ್ದರು. ಚಿಕ್ಕಪ್ಪ ಕಾರ್ಕಳದವರು, ರಾಸ್ ಅಲ್ ಖೋರ್‌ನಲ್ಲಿ ಕಾರು ರಿಪೇರಿಯ ಗ್ಯಾರೇಜು ನಡೆಸುತ್ತಿದ್ದರು. ಎಸಿ ಕೆಟ್ಟ ಕಾರೊಂದನ್ನು ಆ ಗ್ಯಾರೇಜಿಗೆ ತಂದ ಗದಗಿನ ಶಿಕ್ಷಕಿ, ಎಸಿ ಸರಿಹೋದ ಮೇಲೂ ಅಲ್ಲಿಗೆ ಬರುತ್ತಲೇ ಇದ್ದದ್ದು ಏಕೆಂಬುದು ಪ್ರಸ್ತುತ ವಿಷಯದ ವ್ಯಾಪ್ತಿಗೆ ಬರುವುದಿಲ್ಲ.

ಶಿಬಿರದೊಳಗಿನ ವಿಷಯವನ್ನು ಹೊರಗೆ ಹೇಳಕೂಡದು ಎಂದು ಕೆಲಸಕ್ಕೆ ಸೇರುವಾಗ ಎಲ್ಲ ಶಿಕ್ಷಕರಿಗೂ ತಿಳಿಸಿದ್ದರಂತೆ. ಉಳಿದವರು ಈ ನಿಯಮವನ್ನು ಟ್ಯಾಂಕು, ಬಂದೂಕುಗಳಿಗೆ ಅನ್ವಯಿಸಿಕೊಂಡರು. ಚಿಕ್ಕಮ್ಮ ಮಾತ್ರ ಮಧ್ಯಾಹ್ನದ ಊಟಕ್ಕೂ ಅನ್ವಯಿಸಿಕೊಂಡರು! ಗದಗಿನಿಂದ ನನ್ನ ತಾಯಿ ಫೋನು ಮಾಡಿದಾಗ ನಡೆದ ಸಂಭಾಷಣೆಗೆ ನಾನೇ ಸಾಕ್ಷಿ.

"ಮಧ್ಯಾಹ್ನ ಏನ್ ಉಂಡೀಯವಾ?"

"ಅದನ್ನ ಹೇಳಂಗಿಲ್ಲಕ್ಕಾ."

"ಉಂಡದ್ದು ಹೇಳಂಗಿಲ್ಲಾ? ಹೋಗ್ಲಿ ಬಿಡು. ಕ್ಲಾಸಿನ್ಯಾಗ ಎಷ್ಟು ಹುಡುಗ್ರು ಅದಾವ?"

"ಅಕ್ಕಾ! ಫೋನಿನ್ಯಾಗ ಸಂಖ್ಯೆ ಕೇಳಬ್ಯಾಡ!"

ನನ್ನ ತಾಯಿ ಫೋನು ಇಟ್ಟವರೇ, ತಂಗಿ ಹೋಗಿರುವುದು ನೌಕರಿಗೋ ಜೈಲಿಗೋ ಎಂದು ತಂದೆಯವರನ್ನು ವಿಚಾರಿಸಿದರೆಂದು ವರದಿಯಾಗಿದೆ.

ಕ್ರಮೇಣ ಶಿಬಿರದ ಶಿಸ್ತು ದೇರಾದ ಮನೆಯನ್ನೂ ಪ್ರವೇಶಿಸಿತು. ಶಿಬಿರದ ಗೇಟಿನಲ್ಲಿ ಕ್ಯಾಮೆರಾ ಇರುವ ಫೋನುಗಳನ್ನು ಒಪ್ಪಿಸಬೇಕಿತ್ತು. ಆದ್ದರಿಂದ ಮನೆಯ ಬಾಗಿಲಲ್ಲೂ ಬಿಸ್ಕತ್ತಿನ ಡಬ್ಬಿಯೊಂದು ಕಾಣಿಸಿಕೊಂಡಿತು. ಬಂದವರು ಫೋನನ್ನು ಅದರೊಳಗೆ ಹಾಕಿಯೇ ಸೋಫಾದ ಮೇಲೆ ಕೂರಬೇಕು! ಪಕ್ಕದ ಫ್ಲಾಟಿನಲ್ಲಿ ಕೊಂಕಣಿ ಮಾತಾಡುವ ನರ್ಸ್ ಒಬ್ಬರಿದ್ದರು. ಅವರನ್ನೂ ಒಂದು ದಿನ ಬಾಗಿಲಲ್ಲೇ ತಡೆಯಲಾಯಿತು.

"ಬಂದ ಉದ್ದೇಶ?"

"ಎಂತ ಉದ್ದೇಶ ಮಾರ್ರೆ? ಒಂದು ಕಡಿ ತೆಂಗಿನಕಾಯಿ ಬೇಕಿತ್ತು."

"ಎಷ್ಟ್ ಹೊತ್ತು ಇರ್ತೀರಿ?"

"ಕಾಯಿ ಕೊಟ್ರೆ ಈಗಲೇ ಹೋಗ್ತೇನೆ. ಕೊಡದಿದ್ರೆ ಊಟ ಮಾಡಿಯೇ ಹೋಗುದು!"

ತೆಂಗಿನಕಾಯಿಯನ್ನು ತಕ್ಷಣವೇ ಮಂಜೂರು ಮಾಡಲಾಯಿತು.

ಇಷ್ಟೆಲ್ಲದರ ನಡುವೆ ಚಿಕ್ಕಪ್ಪನವರ ಒಂದೇ ಒಂದು ಬೇಡಿಕೆ ಮಾತ್ರ ವರ್ಷಗಟ್ಟಲೆ ಬಾಕಿ ಉಳಿದಿತ್ತು. ಹೆಂಡತಿ ಪಾಠ ಮಾಡುವುದನ್ನು ಅವರು ಒಮ್ಮೆ ಕಣ್ಣಾರೆ ನೋಡಬೇಕಿತ್ತು. ಪ್ರತಿ ಗುರುವಾರ ಅವರು ಗ್ಯಾರೇಜಿನ ಕೆಲಸ ಬಿಟ್ಟು, ದುಬೈನಿಂದ ಅಷ್ಟು ದೂರ ಕಾರು ಓಡಿಸಿಕೊಂಡು ಹೋಗಿ ಶಿಬಿರದ ಗೇಟಿನ ಹೊರಗೆ ಕಾಯುತ್ತಿದ್ದರು. ಗೇಟಿನಾಚೆಗೆ ಅವರಿಗೆ ಕಾಣುತ್ತಿದ್ದದ್ದು ಒಂದು ಬೇವಿನ ಮರ ಮತ್ತು ಒಂದು ತಿರುವು, ಅಷ್ಟೇ. ಶಾಲೆಯ ಬಸ್ಸುಗಳು ಹೊರಬರುವಾಗ ಮಕ್ಕಳು ಗಾಜಿಗೆ ಮೂಗು ಒತ್ತಿಕೊಂಡು "ಮಿಸ್! ಮಿಸ್!" ಎಂದು ಕೂಗುತ್ತಿದ್ದರು. ಚಿಕ್ಕಮ್ಮ ಗಂಭೀರವಾಗಿ ತಲೆಯಾಡಿಸುತ್ತಿದ್ದರು. ಕೈ ಬೀಸುತ್ತಿದ್ದವರು ಚಿಕ್ಕಪ್ಪ!

"ಆ ಮಕ್ಕಳು ಅಷ್ಟು ಖುಷಿ ಪಡ್ಲಿಕ್ಕೆ ನೀನು ಒಳಗೆ ಎಂತ ಮಾಡುದು ಅಂತ ನಂಗೊಮ್ಮೆ ನೋಡ್ಬೇಕು ಮಾರಾಯ್ತಿ. ಮನೆಯಲ್ಲೇ ಒಂದು ಪಾಠ ಮಾಡಿ ತೋರ್ಸು."

"ಕ್ಲಾಸ್ ಅನ್ನೂದು ಕ್ಲಾಸಿನ್ಯಾಗ ಆಗೂದರೀ. ಅಡಗಿಮನ್ಯಾಗ ಅಲ್ಲ."

"ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವ ನಾನು. ಸ್ವಲ್ಪ ಕನಿಕರ ಬೇಡ್ವಾ?"

"ಕನಿಕರಕ್ಕೇನು, ಐತಿ. ಗೇಟ್‌ಪಾಸ್ ತಗೊಂಡ ಬರ್ರಿ."

ಕೊನೆಗೊಮ್ಮೆ ಗೇಟ್‌ಪಾಸಿನ ಯೋಗವೂ ಕೂಡಿಬಂತು. ಶಿಕ್ಷಕರ ಕುಟುಂಬದವರು ಬಂದು ಒಂದು ಮಾದರಿ ಪಾಠವನ್ನು ನೋಡಬಹುದೆಂದು ಶಾಲೆಯವರು ಪ್ರಕಟಿಸಿದರು. ನಾನು ನನ್ನ ವೃತ್ತಿಜೀವನದ ಅತ್ಯುತ್ತಮ ಅರ್ಜಿಯನ್ನು ಬರೆದೆ. ನಮ್ಮಿಬ್ಬರಿಗೂ ಪಾಸು ಬಂತು. ಚಿಕ್ಕಪ್ಪ ಕ್ಷೌರ ಮಾಡಿಸಿಕೊಂಡರು, ಉಗುರಿನ ಸಂದಿಯ ಗ್ರೀಸು ಹೋಗುವವರೆಗೂ ಕೈ ಉಜ್ಜಿಕೊಂಡರು, ಹೊಸ ಶರ್ಟಿಗೆ ತಾವೇ ಇಸ್ತ್ರಿ ಹಾಕಿದರು. ಯಾವ ತಕರಾರೂ ಬರಕೂಡದೆಂದು ಫೋನನ್ನು ಮನೆಯಲ್ಲೇ ಬಿಟ್ಟರು. ಇನ್ನು ಅಡ್ಡಿಯೆಂಬುದು ಎಲ್ಲಿಂದ ಬರಬೇಕು?

ಡಿಕ್ಕಿಯಿಂದ ಬಂತು.

ಗೇಟಿನ ಕಾವಲಿನ ಸೈನಿಕ ಡಿಕ್ಕಿ ತೆಗೆಸಿದ. ಹಳೆಯ ಬ್ಯಾಟರಿಗಳು, ಕೆಂಪು ಕಪ್ಪು ವೈರುಗಳ ಸುರುಳಿ, ಮುಳ್ಳು ನಡುಗುವ ಗೇಜುಗಳು, ಅವುಗಳ ಮಧ್ಯೆ ಒಂದು ಸಿಲಿಂಡರು! ಗ್ಯಾರೇಜಿನವರ ಕಾರಿನಲ್ಲಿ ಮತ್ತೇನಿರಬೇಕು? ಆದರೆ ಸೇನಾ ಶಿಬಿರದ ಬಾಗಿಲಲ್ಲಿ ಅದೇ ಸಾಮಾನು ಬೇರೆಯೇ ಕಥೆ ಹೇಳುತ್ತದೆ.

"ಯೇ ಕ್ಯಾ ಹೈ?" ಎಂದ ಆತ.

ಚಿಕ್ಕಪ್ಪನವರು ಸತ್ಯವನ್ನು ಅತ್ಯಂತ ಸಂಕ್ಷಿಪ್ತವಾಗಿ ನುಡಿದರು.

"ಗ್ಯಾಸ್."

ಆಮೇಲೆ ನಾನು "ಎಸಿ ಗ್ಯಾಸ್, ಎಸಿ ಗ್ಯಾಸ್" ಎಂದು ಎಷ್ಟು ಕೂಗಿಕೊಂಡರೂ ಪ್ರಯೋಜನವಾಗಲಿಲ್ಲ. ನಮ್ಮನ್ನು ಒಂದು ಕೋಣೆಯಲ್ಲಿ ಕೂರಿಸಿ, ಬಹಳ ಗೌರವದಿಂದ ಚಹಾ ಕೊಟ್ಟು, ಒಂದೊಂದೇ ವಸ್ತುವನ್ನು ಪರೀಕ್ಷಿಸಲಾಯಿತು. ಚಿಕ್ಕಪ್ಪ ಚಹಾ ಮುಟ್ಟಲಿಲ್ಲ. ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದರು. ಎಲ್ಲ ಮುಗಿದ ಮೇಲೆ ಅಧಿಕಾರಿಯೊಬ್ಬರು ನಗುತ್ತಾ ಬಂದು, ತಮ್ಮ ಕಾರಿನ ಎಸಿ ಸಹ ಇತ್ತೀಚೆಗೆ ತಂಪು ಕೊಡುತ್ತಿಲ್ಲವೆಂದು ಚಿಕ್ಕಪ್ಪನವರ ಸಲಹೆ ಕೇಳಿದರು! ಸಲಹೆ ಪಡೆದು, "ಯಲ್ಲಾ, ಹೋಗಿ" ಎಂದು ಕೈ ಕುಲುಕಿದರು. ಅಷ್ಟರಲ್ಲಿ ಪಾಠ ನೋಡಿದ ಕುಟುಂಬಗಳು ಒಂದೊಂದಾಗಿ ಹೊರಬರತೊಡಗಿದ್ದವು. ಕಡೆಯಲ್ಲಿ ಚಿಕ್ಕಮ್ಮನೂ ಬಂದರು.

"ನಿಯಮ ಅಂದ್ರ ನಿಯಮ," ಎಂದರು ಕಾರಿನಲ್ಲಿ ಕುಳಿತು. "ಆ ಸೈನಿಕ ಮಾಡಿದ್ದು ಬರೋಬರಿ ಐತಿ."

"ಹೌದು ಟೀಚರ್."

"ಡಿಕ್ಕಿ ಖಾಲಿ ಮಾಡಬೇಕಂತ ತಿಳೀಲಿಲ್ಲೇನು ನಿಮಗ?"

"ಶರ್ಟಿನ ಗಡಿಬಿಡಿಯಲ್ಲಿ ಮರ್ತುಹೋಯ್ತು."

ಚಿಕ್ಕಮ್ಮ ಕಿಟಕಿಯ ಕಡೆಗೆ ತಿರುಗಿ ಕುಳಿತರು. ಆ ದಿನ ತರಗತಿಯಲ್ಲಿ ಮುಂದಿನ ಸಾಲಿನ ಕುರ್ಚಿಯೊಂದರ ಮೇಲೆ ಕೈಚೀಲವಿಟ್ಟು ಅದನ್ನು ಪಾಠ ಮುಗಿಯುವವರೆಗೂ ಅವರು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲವೆಂದು ಅವರ ಸಹೋದ್ಯೋಗಿಯೊಬ್ಬರಿಂದ ಅನಂತರ ನಮಗೆ ತಿಳಿಯಿತು.

ಮುಂದಿನ ವರ್ಷ ಇದ್ದೇ ಇದೆಯಲ್ಲ ಎಂದು ನಾವೆಲ್ಲರೂ ಸಮಾಧಾನ ಹೇಳಿದೆವು. ವಿಷಾದದೊಂದಿಗೆ ನಿವೇದಿಸಿಕೊಳ್ಳುವುದೇನೆಂದರೆ, ಮುಂದಿನ ವರ್ಷ ಬರಲಿಲ್ಲ. ಶಾಲೆಯ ಆಡಳಿತ ಬೇರೆಯವರ ಕೈಗೆ ಹೋಯಿತು. ಹಳೆಯ ಶಿಕ್ಷಕರ ಒಪ್ಪಂದಗಳು ನವೀಕರಣಗೊಳ್ಳಲಿಲ್ಲ. ಬೇರೆ ಶಾಲೆಗೆ ಪ್ರಯತ್ನಿಸೋಣವೆಂದು ನಾನು ಅರ್ಜಿ ಬರೆಯಲು ಹೊರಟರೆ ಚಿಕ್ಕಮ್ಮ ತಡೆದರು. "ಖಲಾಸ್. ಇನ್ನ ಸಾಕು ನನಗ."

ಕೊನೆಯ ಗುರುವಾರ ಚಿಕ್ಕಪ್ಪನವರ ಜೊತೆ ನಾನೂ ಹೋಗಿದ್ದೆ. ಡಿಕ್ಕಿ ಗುಡಿಸಿಟ್ಟಂತೆ ಖಾಲಿಯಿತ್ತು. ಅದನ್ನು ಯಾರೂ ತೆಗೆಸಿ ನೋಡಲಿಲ್ಲ. ಚಿಕ್ಕಮ್ಮ ಗುರುತಿನ ಬಿಲ್ಲೆಯನ್ನು ಗೇಟಿನಲ್ಲಿ ಒಪ್ಪಿಸಿ, ಮಕ್ಕಳು ಕೊಟ್ಟ ತಿಂಡಿಗಳ ಚೀಲ ಹಿಡಿದು ಬಂದು ಕುಳಿತರು. ಬಸ್ಸುಗಳು ಹೋದವು. ಚಿಕ್ಕಪ್ಪ ಕೈ ಬೀಸಿ, ಎಂಜಿನ್ ಶುರು ಮಾಡಿದರು.

"ಬಂದ್ ಮಾಡ್ರಿ. ಇಳೀರಿ ಕೆಳಗ."

ಪಾರ್ಕಿಂಗಿನ ನೆರಳಿನಲ್ಲಿ ಚಿಕ್ಕಮ್ಮ ಕಾರಿನ ಬಾನೆಟ್ಟಿನ ಮೇಲೆ ಪೇಪರ್ ತಟ್ಟೆಯೊಂದನ್ನು ಇಟ್ಟರು. ಚೀಲದಿಂದ ದುಂಡನೆಯ ಖುಬೂಸ್ ರೊಟ್ಟಿಯೊಂದನ್ನು ತೆಗೆದು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಅವರ ಮುಖದಲ್ಲಿ ನಾನು ಅದುವರೆಗೆ ಕಾಣದ ಒಂದು ತುಂಟತನವಿತ್ತು.

"ಗುಡ್ ಮಾರ್ನಿಂಗ್ ಕ್ಲಾಸ್. ಇದು ಪೂರ್ತಿ ಒಂದು." ರೊಟ್ಟಿಯನ್ನು ಸಮನಾಗಿ ನಾಲ್ಕು ಮಾಡಿದರು. ಒಂದು ತುಂಡನ್ನು ನನ್ನ ಕೈಗಿಟ್ಟರು. "ಕಾಲು ಭಾಗ ಇವಗ ಕೊಟ್ಟೆ. ಈಗ ಎಷ್ಟು ಉಳೀತು?"

ಚಿಕ್ಕಪ್ಪ ಕೈ ಎತ್ತಿ ನಿಂತಿದ್ದರು. ಮುಕ್ಕಾಲು ಇಂಚಿನ ಸ್ಪ್ಯಾನರನ್ನು ಕಣ್ಣು ಮುಚ್ಚಿ ಆರಿಸಿಕೊಳ್ಳುವ ಕೈ ಅದು. ಅವರು ತಟ್ಟೆಯನ್ನು ನೋಡಿದರು, ಹೆಂಡತಿಯ ಮುಖವನ್ನು ನೋಡಿದರು.

"ಅರ್ಧ, ಮಿಸ್."

"ತಪ್ಪು," ಎಂದ ಚಿಕ್ಕಮ್ಮನ ದನಿ ಅಲ್ಲಿಗೆ ಒಡೆಯಿತು. ನನ್ನ ಕೈಯ ತುಂಡನ್ನು ಹಿಂದಕ್ಕೆ ಪಡೆದು, ತಟ್ಟೆಯಲ್ಲಿ ರೊಟ್ಟಿಯನ್ನು ಮತ್ತೆ ದುಂಡಗೆ ಜೋಡಿಸಿದರು. "ಮೊದಲಿಂದ ಹೇಳ್ತೀನಿ. ಲಕ್ಷ್ಯ ಕೊಡ್ರಿ."

ಅವರು ಮೊದಲಿನಿಂದ ಹೇಳಿದರು. ಚಿಕ್ಕಪ್ಪ ಮತ್ತೆ ತಪ್ಪು ಉತ್ತರ ಕೊಟ್ಟರು.