ಗೋಪಾಲಪ್ಪನ ನಿಲ್ಲದ ಸೆರಗು

ಮನುಷ್ಯರನ್ನು ಸೀರೆಯ ಹಾಗೆ ಬಿಡಿಸಿ ನೋಡುವುದು ನನ್ನ ಕಸುಬಿನ ಕೆಟ್ಟ ಚಾಳಿ. ದೊಡ್ಡಬಳ್ಳಾಪುರದ ಗೋಪಾಲಪ್ಪನನ್ನು ಹಾಗೆ ಬಿಡಿಸಿದರೆ ಅಂಚು ಗಟ್ಟಿ, ಬಣ್ಣ ಬಿಡುವುದಿಲ್ಲ, ಒಡಲು ಸಾದಾ, ಸೆರಗು ಮಾತ್ರ ಅಳತೆ ಮೀರಿದ್ದು. ಅಂದರೆ ಮಾತಿನಲ್ಲಿ ಸ್ವಲ್ಪ ಜರಿ ಜಾಸ್ತಿ. ನಲವತ್ತೆಂಟು ವರ್ಷ, ಎಂಟು ಪವರ್‌ಲೂಮು, ಎಸ್ಸೆಸ್ಸೆಲ್ಸಿವರೆಗೆ ಓದು. ನೆಲಮಂಗಲದ ನನ್ನ ಅಂಗಡಿಗೆ ಹದಿನಾರು ವರ್ಷದಿಂದ ಸೀರೆ ಕೊಡುತ್ತಿದ್ದ ಆಸಾಮಿ. ಯಾವುದಾದರೂ ವಸ್ತು ತಾನಾಗಿ ಅಲುಗಾಡುವುದನ್ನು ಕಂಡರೆ, ಅದು ಯಾಕೆ ಅಲುಗಾಡುತ್ತದೆ ಎಂದು ತಿಳಿಯುವತನಕ ಈತನಿಗೆ ಅನ್ನ ಇಳಿಯುವುದಿಲ್ಲ. ಒಮ್ಮೆ ನಮ್ಮಂಗಡಿಯ ಟೇಬಲ್ ಫ್ಯಾನು ಹೇಗೆ ಕತ್ತು ತಿರುಗಿಸುತ್ತದೆಂದು ನೋಡಲು ಬಿಚ್ಚಿದ. ಅಂದಿನಿಂದ ಅದು ಗೋಡೆಗೇ ಗಾಳಿ ಬೀಸುತ್ತಿದೆ.

೧೯೯೯ರ ಬೇಸಿಗೆಯಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ, ಗೊಬ್ಬರದ ಅಂಗಡಿಯ ಮಹಡಿಯಲ್ಲಿ, ಬೀರೇಶ ಎಂಬಾತ ಕಂಪ್ಯೂಟರ್ ಸೆಂಟರ್ ತೆರೆದ. ಗೋಪಾಲಪ್ಪ ಯಾವುದೋ ಅರ್ಜಿ ಟೈಪ್ ಮಾಡಿಸಲು ಅಲ್ಲಿಗೆ ಹೋದ. ಪರದೆಯ ಮೇಲೊಂದು ಮೊಗ್ಗು. ಬೀರೇಶ ಮೌಸಿನ ಬಾಣವನ್ನು ಅದರ ಮೇಲೆ ತಂದ. ಮೊಗ್ಗು ಅರಳಿತು.

"ಮುಟ್ಟಿದ್ದು ಅದಕ್ಕೆ ಹೆಂಗೆ ಗೊತ್ತಾಯ್ತು?" ಎಂದ ಗೋಪಾಲಪ್ಪ.

"ಒಳಗೆ ಬರೆದಿರ್ತಾರೆ ಅಣ್ಣ, ಮುಟ್ಟಿದ್ರೆ ಅರಳು ಅಂತ. ಅದಕ್ಕೇ ಒಂದು ಭಾಷೆ ಇದೆ. ವೆಬ್ ಪೇಜಿನ ಮೇಲೆ ಚಿತ್ರ ಕುಣಿಸೋ ಭಾಷೆ."

"ಆ ಭಾಷೆ ನಾನು ಕಲೀಬಹುದಾ?"

"ಪುಸ್ತಕ ಸಿಗುತ್ತೆ. ಆದ್ರೆ ಇಂಗ್ಲಿಷಲ್ಲಿದೆ."

"ನೂಲಿನ ಕಂಪನಿಯೋರ ಕಾಗದಾನೂ ಇಂಗ್ಲಿಷಲ್ಲೇ ಬರ್ತವೆ. ಓದ್ತಾ ಇಲ್ವಾ?" ಎಂದು ಗೋಪಾಲಪ್ಪ ಎದ್ದ. ಆ ಕಾಗದಗಳನ್ನು ಓದುತ್ತಿದ್ದದ್ದು ಪಿಯುಸಿ ಮುಗಿಸಿದ ಹೆಂಡತಿ ಭಾಗ್ಯಮ್ಮ ಎಂಬುದನ್ನು ಆತ ಬೀರೇಶನಿಗೆ ತಿಳಿಸಲಿಲ್ಲ.

ಮರುದಿನವೇ ಅವೆನ್ಯೂ ರಸ್ತೆಯ ಫುಟ್‌ಪಾತಿನಿಂದ ಹಳೆಯ ಪುಸ್ತಕವೊಂದು ಮನೆಗೆ ಬಂತು. ಏಳುನೂರು ಪುಟ. ಹಿಂದಿನ ರಟ್ಟಿಗೆ ಅಂಟಿಸಿದ್ದ ಜೇಬಿನಲ್ಲಿ ಇರಬೇಕಿದ್ದ ಸಿ.ಡಿ. ಇರಲಿಲ್ಲ.

"ಏನ್ರೀ ಇದು, ತಲೆದಿಂಬಾ?" ಎಂದಳು ಭಾಗ್ಯಮ್ಮ.

"ವಿದ್ಯೆ ಕಣೇ. ಇನ್ನು ಒಂದು ತಿಂಗಳಲ್ಲಿ ನೋಡು, ನಮ್ಮ ಸೀರೆ ಪರದೆ ಮೇಲೆ ತಾನೇ ಸೆರಗು ಬಿಚ್ಚಿ ತೋರಿಸುತ್ತೆ. ಅಮೆರಿಕದಲ್ಲಿ ಕೂತೋರು ಬೆರಳಲ್ಲಿ ಮುಟ್ಟಿದ್ರೆ ಸಾಕು."

"ಮನೇಲಿ ಕಂಪ್ಯೂಟ್ರೇ ಇಲ್ಲ."

"ಈಜು ಕಲಿಯೋಕೆ ಮನೇಲಿ ಬಾವಿ ಇರಬೇಕಾ?"

"ಹೋಗ್ಲಿ, ನೀರಾದ್ರೂ ಇರಬೇಕಲ್ವಾ?" ಎಂದು ಭಾಗ್ಯಮ್ಮ ಒಳಗೆ ಹೋದಳು.

ಈ ಹುಚ್ಚಿಗೆ ಅರ್ಧ ಕಾರಣ ನಾನು. ಆ ವರ್ಷ ಗೋಪಾಲಪ್ಪನಿಗೆ ಕಡ್ಡಿ ಮುರಿದಂತೆ ಹೇಳಿದ್ದೆ. ನಿನ್ನ ಹಳೇ ನವಿಲು, ಹಳೇ ಬುಟ್ಟಾ ನೋಡಿ ಗಿರಾಕಿಗಳಿಗೆ ಬೇಸರ ಬಂದಿದೆ, ವರಮಹಾಲಕ್ಷ್ಮಿ ಹಬ್ಬದ ಆರ್ಡರನ್ನು ಈ ಸಲ ಬೇರೆಯವರಿಗೆ ಕೊಡುತ್ತೇನೆ, ಎಂದು. ಎಂಟು ಮಗ್ಗಗಳಲ್ಲಿ ಆರು ನನ್ನ ಹಬ್ಬದ ಆರ್ಡರಿನ ಮೇಲೇ ಓಡುತ್ತಿದ್ದವು. ಅದು ತಪ್ಪಿದರೆ ದಸರಾವರೆಗೂ ಅವು ಸುಮ್ಮನಿರಬೇಕು. "ಒಂದು ತಿಂಗಳು ತಡಿ ಗಂಗಣ್ಣ. ಹೊಸ ಡಿಸೈನು ಕಾಗದದ ಮೇಲಲ್ಲ, ಕಂಪ್ಯೂಟರಲ್ಲೇ ತೋರಿಸ್ತೀನಿ" ಎಂದಿದ್ದ. ನಾನೂ ಹೂಂ ಎಂದಿದ್ದೆ. ಬಿಟ್ಟಿ ತಮಾಷೆ ಯಾರಿಗೆ ಬೇಡ?

ಗೋಪಾಲಪ್ಪನ ವ್ಯಾಸಂಗ ಶುರುವಾಯಿತು. ಬೆಳಗಿನ ಕಾಫಿಯ ಹೊತ್ತಿಗೆ ಅರ್ಧ ಪುಟ, ಊಟವಾದ ಮೇಲೆ ಅರ್ಧ ಪುಟ. ತಿಳಿಯದ ಮಾತಿಗೆ ಭಾಗ್ಯಮ್ಮನೇ ನಿಘಂಟು. ಹನ್ನೊಂದನೆಯ ದಿನ ಮಗ್ಗದ ಮನೆಯಲ್ಲಿ ನಿಂತಿದ್ದವನು ಇದ್ದಕ್ಕಿದ್ದಂತೆ ಮೇಲೆ ನೋಡಿದ. ಜಕಾರ್ಡ್ ಮಗ್ಗದ ನೆತ್ತಿಯ ಮೇಲೆ ತೂತು ಹೊಡೆದ ರಟ್ಟಿನ ಕಾರ್ಡುಗಳ ಸರ ಇಳಿಬಿದ್ದಿರುತ್ತದೆ. ಯಾವ ಎಳೆ ಏಳಬೇಕು, ಯಾವುದು ಮಲಗಿರಬೇಕು ಎಂದು ಒಂದೊಂದು ಕಾರ್ಡೂ ಮಗ್ಗಕ್ಕೆ ಹೇಳುತ್ತದೆ. ಪುಸ್ತಕದಲ್ಲಿ ಫ್ರೇಮು ಫ್ರೇಮು ಎಂದು ಬಡಿದುಕೊಂಡಿದ್ದದ್ದು ಇದನ್ನೇ ಅಲ್ಲವೇ? ಒಂದೊಂದು ಫ್ರೇಮಿಗೂ, ಅಂದರೆ ಕುಣಿತದ ಒಂದೊಂದು ಚಿತ್ರಕ್ಕೂ, ಒಂದೊಂದು ಅಪ್ಪಣೆ, ಒಂದಾದ ಮೇಲೊಂದು.

"ಭಾಗ್ಯಾ, ಬಾರೇ ಇಲ್ಲಿ. ಇದು ನಮ್ಮ ಕಾರ್ಡೇ ಕಣೇ. ಬಿಳಿಯರು ಹೆಸರು ಬದಲಾಯಿಸಿದ್ದಾರೆ ಅಷ್ಟೆ."

ಭಾಗ್ಯಮ್ಮ ಕಾರ್ಡು ನೋಡಿದಳು, ಪುಸ್ತಕ ನೋಡಿದಳು. ಅವಳ ತವರಿನವರದು ಕಾರ್ಡಿಗೆ ತೂತು ಹೊಡೆಯುವ ಕಸುಬು. ಲಂಗ ಉಡುವ ವಯಸ್ಸಿನಿಂದ ಅವಳೂ ಹೊಡೆದವಳೇ. "ಹೌದಲ್ವಾ..." ಎಂದು ಪುಸ್ತಕ ತೆಗೆದುಕೊಂಡು ಅಲ್ಲೇ ನೂಲು ಸುತ್ತಿದ ಕಂಡಿಕೆಗಳ ಬುಟ್ಟಿಯ ಪಕ್ಕ ಕೂತಳು. ಅನ್ನ ಸೀದ ವಾಸನೆ ಬಂದಾಗಲೇ ಎದ್ದದ್ದು.

ತಾನು ಅರ್ಧ ಪಂಡಿತನಾಗಿಯೇ ಹುಟ್ಟಿದ್ದೇನೆಂದು ತಿಳಿದ ಮೇಲೆ ಗೋಪಾಲಪ್ಪ ಪುಸ್ತಕವನ್ನು ಹಾರಿಸಿ ಹಾರಿಸಿ ಓದತೊಡಗಿದ. ಗೊತ್ತಿರುವುದನ್ನೇ ಮತ್ತೆ ಓದುವುದೇಕೆ? ಡಿಸೈನು ಬರೆಯುವ ಗೆರೆ ಕಾಗದದ ಮೇಲೆ ಪೆನ್ಸಿಲಿನಿಂದ ಪ್ರೋಗ್ರಾಮು ಸಿದ್ಧವಾಯಿತು. ಹಸಿರು ಸೀರೆಯ ಹೆಂಗಸು. ಮುಟ್ಟಿದರೆ ಸೆರಗು ಭುಜದಿಂದ ಪಕ್ಕಕ್ಕೆ ಹರಡಬೇಕು, ಹೊಸ ನವಿಲು ಕಾಣಬೇಕು. ನೇದ ಬಟ್ಟೆ ಮುಂದೆ ಮುಂದೆ ಬರುವಂತೆ, ಪ್ರತಿ ಸುತ್ತಿಗೂ ಸೆರಗು ಒಂದಂಗುಲ ಮುಂದೆ ಬರಬೇಕು.

ಬೀರೇಶ ಅದನ್ನು ನೋಡಿಕೊಂಡು ಕಂಪ್ಯೂಟರಿಗೆ ಏರಿಸುವಾಗ ಒಂದು ಕಡೆ ತಡೆದ.

"ಗೋಪಾಲಣ್ಣ, ಕೊನೇಲಿ ಸ್ಟಾಪ್ ಅಂತ ಹಾಕೋದು ಬೇಡ್ವಾ?"

"ಬಿಡ್ತು ಅನ್ನು. ಮಗ್ಗದೋರ ಮುಂದೆ ನಿಲ್ಲಿಸು ಅನ್ನೋ ಮಾತು ಆಡ್ತಾರೇನಪ್ಪಾ? ನಾನು ಬರೆದಿದ್ದನ್ನ ಬರೆದಂಗೇ ಹಾಕು."

ಪರೀಕ್ಷೆ ಮಾಡಿ ನೋಡೋಣ ಎಂದ ಬೀರೇಶ. ಹೊಸ ಸೀರೆಯನ್ನು ಗಿರಾಕಿಗೆ ಮುಂಚೆ ಯಾರೂ ಉಟ್ಟು ನೋಡುವುದಿಲ್ಲ ಎಂದ ಗೋಪಾಲಪ್ಪ.

ಆ ಒಂದು ತಿಂಗಳು ಮುಗಿದ ಶುಕ್ರವಾರ ಮಧ್ಯಾಹ್ನ ಮೂರಕ್ಕೆ ನಾನು ಬೀರೇಶನ ಸೆಂಟರಿಗೆ ಹೋದೆ. ಜೊತೆಗೆ ನನ್ನ ದೊಡ್ಡಮ್ಮ ಅಮ್ಮಯಮ್ಮ. ನಮ್ಮಂಗಡಿಗೆ ಯಾವ ಸೀರೆ ಬರಬೇಕು ಎಂದು ತೀರ್ಮಾನಿಸುವ ಬೆರಳು ಅವಳದು, ರಸೀದಿಗೆ ಸಹಿ ಹಾಕುವುದಷ್ಟೇ ನನ್ನದು. ಗೋಪಾಲಪ್ಪ ಇಸ್ತ್ರಿ ಅಂಗಿ ಹಾಕಿದ್ದ. ಭಾಗ್ಯಮ್ಮ ಪುಸ್ತಕವನ್ನು ಎದೆಗವಚಿಕೊಂಡು ಬಾಗಿಲ ಹತ್ತಿರ ನಿಂತಿದ್ದಳು. ಬೀರೇಶ ಎಲ್ಲ ಹಚ್ಚಿಕೊಟ್ಟು ಟೀ ತರಲು ಕೆಳಗಿಳಿದ.

"ಅಮ್ಮಾ, ನೀವೇ ಮುಟ್ಟಿ" ಎಂದು ಗೋಪಾಲಪ್ಪ ದೊಡ್ಡಮ್ಮನ ಕೈಗೆ ಮೌಸು ಹಿಡಿಸಿದ.

ದೊಡ್ಡಮ್ಮ ಮುಟ್ಟಿದಳು. ಸೆರಗು ಹರಡಿತು. ನವಿಲು ಕಂಡಿತು. ನಿಜ ಹೇಳುತ್ತೇನೆ, ನನ್ನ ಬಾಯಿ ತೆರೆದೇ ಇತ್ತು. ಅಷ್ಟರಲ್ಲಿ ಸೆರಗು ಇನ್ನೊಂದು ಅಂಗುಲ ಬಂತು. ಮತ್ತೊಂದು ಬಂತು. ಎರಡನೇ ನವಿಲು, ಐದನೇ ನವಿಲು. ಹದಿನೈದನೆಯದು ಪರದೆಯ ಅಂಚು ದಾಟಿ ಎಲ್ಲಿಗೆ ಹೋಯಿತೋ ದೇವರಿಗೇ ಗೊತ್ತು. ಹೆಂಗಸು ಮಾತ್ರ ಕ್ಯಾಲೆಂಡರ್ ದೇವಿಯ ಹಾಗೆ ನಗುತ್ತಲೇ ಇದ್ದಳು.

"ಲೋ ಗೋಪಾಲ, ಯಾರೋ ಎಳೀತಾ ಅವ್ರಲ್ಲೋ" ಎಂದಳು ದೊಡ್ಡಮ್ಮ.

"ಇಲ್ಲಮ್ಮ, ತಾನೇ ಬರ್ತಾ ಇದೆ."

"ತಾನೇ ಬರೋದಾದ್ರೆ ತಾನೇ ನಿಲ್ಲಲಿ."

ಗೋಪಾಲಪ್ಪ ಮೌಸು ಕಿತ್ತುಕೊಂಡು ಮುಟ್ಟಿದ. ಮುಟ್ಟಿದರೆ ಸೆರಗು ಹೊರಡಬೇಕೆಂದು ತಾನೇ ಬರೆದಿದ್ದನಲ್ಲ, ಓಟ ಇನ್ನಷ್ಟು ಜೋರಾಯಿತು. ಕೈಗೆ ಸಿಕ್ಕ ಕೀಲಿಗಳನ್ನೆಲ್ಲ ಒತ್ತಿದ. ದಿನಾ ಮೂರು ಗಂಟೆಗೆ ತಪ್ಪದೆ ಹೋಗುವ ದೊಡ್ಡಬಳ್ಳಾಪುರದ ಕರೆಂಟು ಅಂದು ಮರ್ಯಾದಸ್ಥನಂತೆ ಕೂತಿತ್ತು. ಪಕ್ಕದ ಕೋಣೆಯ ಟೈಪಿಂಗ್ ಹುಡುಗಿಯರು ಬಾಗಿಲಲ್ಲಿ ತಲೆ ತೂರಿಸಿದರು.

"ದ್ರೌಪದಿಗಾದ್ರೂ ಅಣ್ಣ ಒಬ್ಬ ಇದ್ದ," ಎಂದಳು ದೊಡ್ಡಮ್ಮ, "ಈ ತಾಯಿಗೆ ಯಾರೂ ಇಲ್ವಾ? ನಡಿಯೋ ಗಂಗ, ಬಸ್ಸು ಹೊರಟೋಗುತ್ತೆ."

ಗೋಪಾಲಪ್ಪನ ಮುಖ ನೋಡಿದೆ. ಆರು ಮಗ್ಗಗಳ ಸದ್ದು ಒಂದೊಂದಾಗಿ ಅಡಗುವುದು ಅಲ್ಲಿ ಕಾಣುತ್ತಿತ್ತು. ಆದರೂ ಆತನ ಕಣ್ಣು ಪರದೆ ಬಿಟ್ಟಿರಲಿಲ್ಲ. "ಯಾಕೆ ನಿಲ್ತಾ ಇಲ್ಲ?" ಎಂದು ತನ್ನಷ್ಟಕ್ಕೇ ಕೇಳಿಕೊಳ್ಳುತ್ತಿದ್ದ. ಭಯಕ್ಕಿಂತ ಕುತೂಹಲವೇ ಒಂದು ತೂಕ ಹೆಚ್ಚು.

ಆಗ ಬಾಗಿಲ ಕಡೆಯಿಂದ ಭಾಗ್ಯಮ್ಮ ಕೇಳಿದಳು: "ರೀ, ಕೊನೇ ಕಾರ್ಡು ಏನು ಮಾಡಿದ್ರಿ?"

ನಾನು ನಕ್ಕೆ. "ತಾಯಿ, ಇದು ಅಡುಗೆಮನೆ ಮೂಲೇಲಿ ಕೂತು ಕಾರ್ಡಿಗೆ ತೂತು ಹೊಡೆಯೋ ಕೆಲಸ ಅಲ್ಲ, ಕಂಪ್ಯೂಟರ್ರು. ನೀವು ಸುಮ್ಮನಿರಿ" ಎಂದೆ. ಟೈಪಿಂಗ್ ಹುಡುಗಿಯರೂ ಕಿಸಕ್ಕೆಂದರು.

ಭಾಗ್ಯಮ್ಮ ನನ್ನ ಕಡೆ ತಿರುಗಲೂ ಇಲ್ಲ. "ಕೊನೇದನ್ನ ಮೊದಲನೇದಕ್ಕೆ ಹೆಣೆದ್ರಾ?"

"ಹೆಣೀದೆ ಇರ್ತೀನಾ? ಹೆಣೀದಿದ್ರೆ ಸರ ಕೆಳಗೆ ಬೀಳಲ್ವೇನೇ?"

"ಮಗ್ಗದ ಮೇಲಾದ್ರೆ ಬೀಳುತ್ತೆ. ಇಲ್ಲಿ ಬೀಳೋಕೆ ನೆಲ ಎಲ್ಲಿದೆ?"

ಗೋಪಾಲಪ್ಪನ ಕೈ ಕೀಲಿಗಳ ಮೇಲೇ ನಿಂತಿತು. ಕೊನೆಯ ಕಾರ್ಡನ್ನು ಮೊದಲನೆಯದಕ್ಕೆ ಹೆಣೆದರೆ ಸರ ಕೊನೆಯಿಲ್ಲದೆ ಸುತ್ತುತ್ತದೆ, ಡಿಸೈನು ಮತ್ತೆ ಮತ್ತೆ ಬರುತ್ತದೆ. ಹಾಗೆ ಹೆಣೆಯುವುದು ಮೂರು ತಲೆಮಾರಿನ ಅಭ್ಯಾಸ. ಹೆಣೆಯದೆ ಬಿಡುವುದು ಅವನ ಕನಸಿನಲ್ಲೂ ಬರುವ ಮಾತಲ್ಲ.

ಅಷ್ಟರಲ್ಲಿ ಟೀ ಲೋಟಗಳ ಸಮೇತ ಬೀರೇಶ ಬಂದ. ಒಂದು ಕೀಲಿ ಒತ್ತಿ ಓಟ ನಿಲ್ಲಿಸಿದ. ಭಾಗ್ಯಮ್ಮ ಪುಸ್ತಕ ತೆರೆದು, ಗಂಡ ಹಾರಿಸಿದ್ದ ಪಾಠದ ಮೇಲೆ ಬೆರಳಿಟ್ಟಳು. "ಒಂಬತ್ತನೇ ಸುತ್ತಿಗೆ ಬಂದಾಗ ಇದನ್ನ ಹಾಕಪ್ಪ. ಅಷ್ಟಕ್ಕೆ ಒಂದು ಗೇಣು ಸೆರಗು ಸರಿಹೋಗುತ್ತೆ."

ಬೀರೇಶ ಹಾಕಿದ. ದೊಡ್ಡಮ್ಮ ಮತ್ತೆ ಮುಟ್ಟಿದಳು. ಸೆರಗು ಬಂತು, ಒಂಬತ್ತು ನವಿಲು ಸಾಲಾಗಿ ನಿಂತವು, ನಿಂತೇ ಇದ್ದವು.

"ಒಂದೇ ನವಿಲು ಇದ್ದಾಗ ಸಪ್ಪೆ ಇತ್ತು" ಎಂದಳು ದೊಡ್ಡಮ್ಮ. "ಸಾಲಾಗಿ ಬಂದ್ಮೇಲೆ ಲಕ್ಷಣ ಬಂತು. ಲೋ ಗಂಗ, ಹಬ್ಬದ ಸೀರೆ ಇವರ ಹತ್ರಾನೇ ಹೇಳು. ಆದ್ರೆ ಗೋಪಾಲ, ಕಾರ್ಡು ಹೆಂಡ್ತಿ ಕೈಲಿ ಹೊಡೆಸು. ನೀನು ಹೊಡೆದ್ರೆ ಸೀರೆ ನೆಲಮಂಗಲ ದಾಟಿ ತುಮಕೂರಿಗೆ ಹೋಗುತ್ತೆ."

ಗೋಪಾಲಪ್ಪ ತಲೆಯಾಡಿಸಿದ. ಆದರೆ ಕಿವಿ ಆರ್ಡರಿನ ಕಡೆ ಇರಲಿಲ್ಲ. ಹೆಂಡತಿಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಮೆಲ್ಲಗೆ ಕೇಳುತ್ತಿದ್ದ: "ಭಾಗ್ಯಾ, ನಿಂತಿದ್ದನ್ನ ಹಿಂದಕ್ಕೆ ಮಡಿಸೋಕೆ ಆಗುತ್ತಾ?"

"ಆಗುತ್ತೆ. ಹದಿನಾಲ್ಕನೇ ಪಾಠ. ಮೊದಲಿಂದ ಓದ್ಕೊಂಡು ಬನ್ನಿ, ಹೇಳಿಕೊಡ್ತೀನಿ."

ಆ ವರ್ಷ ಹಬ್ಬಕ್ಕೆ ನಾಲ್ಕು ದಿನ ಮುಂಚೆಯೇ ನಮ್ಮಂಗಡಿಯಲ್ಲಿ ಒಂಬತ್ತು ನವಿಲಿನ ಸೀರೆ ಒಂದೂ ಉಳಿಯಲಿಲ್ಲ. ಗಿರಾಕಿಗಳು ನನ್ನ ಆಯ್ಕೆಯನ್ನು ಹೊಗಳಿದರು, ನಾನೂ ಹೊಗಳಿಸಿಕೊಂಡೆ. ಅಷ್ಟು ಜನರ ಮುಂದೆ ಭಾಗ್ಯಮ್ಮನವರಿಗೆ ಸುಮ್ಮನಿರಿ ಎಂದದ್ದಕ್ಕೆ, ಅಷ್ಟೇ ಜನರ ಮುಂದೆ ನಾನು ಅವರ ಕ್ಷಮೆ ಕೇಳಬೇಕು. ಇನ್ನೂ ಕೇಳಿಲ್ಲ.