ಹಿಂದೆ ಯಾರೂ ಅಳದ ಕಾರು

ಜಪ್ತಿಯಣ್ಣನ ಕಷ್ಟಕ್ಕೆಲ್ಲ ಕಾರಣ ಅವನು ಆ ದಿನ ಬೆಳಿಗ್ಗೆ ಪೂರ್ತಿ ಹಣ ಕೊಟ್ಟು ಕಾರು ಕೊಂಡದ್ದು. ಸಾಲ ಮಾಡಿ ಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಸಾಲ ಮಾಡಿ ಕೆಟ್ಟವರು ಊರ ತುಂಬ ಇದ್ದಾರೆ. ಸಾಲ ಮಾಡದೆ ಕೆಟ್ಟವನು ಇವನೊಬ್ಬನೇ ಇರಬೇಕು.

ಅವನ ಕೆಲಸ ಕಾರು ಕಿತ್ತುಕೊಂಡು ಬರುವುದು. ವಾಹನಗಳಿಗೆ ಸಾಲ ಕೊಡುವ ಒಂದು ಕಂಪನಿಯಲ್ಲಿದ್ದ. ಕಂತು ಕಟ್ಟದವರ ಮನೆಮುಂದೆ ಹೋಗಿ ನಿಂತು, ಕಾಗದ ತೋರಿಸಿ, ಕೀಲಿಕೈ ಇಸಿದುಕೊಂಡು, ಗಾಡಿಯನ್ನು ಕಂಪನಿಯ ಅಂಗಳಕ್ಕೆ ಮುಟ್ಟಿಸಬೇಕು. ಈ ಕೆಲಸದಿಂದಾಗಿ ಬೀದಿಯವರು ಅವನ ನಿಜವಾದ ಹೆಸರನ್ನು ಮರೆತು ಎಷ್ಟೋ ಕಾಲವಾಗಿತ್ತು. ಮನುಷ್ಯ ಕೆಟ್ಟವನಲ್ಲ. ಬಯ್ಯುತ್ತಿರಲಿಲ್ಲ, ಗದರಿಸುತ್ತಿರಲಿಲ್ಲ. "ಒಳಗಿನ ಸಾಮಾನು ತಗೊಳ್ಳಿ ಅಮ್ಮಾ, ಅವಸರ ಇಲ್ಲ, ಐದು ನಿಮಿಷ ಟೈಮಿದೆ" ಎಂದು ಹೇಳಿ, ಅವರು ಛತ್ರಿ, ಮಗುವಿನ ಒಂಟಿ ಬೂಟು, ಸೀಟಿಗೆ ಅಂಟಿದ ಚಾಕಲೇಟು ಎಲ್ಲ ಹೆಕ್ಕಿಕೊಳ್ಳುವವರೆಗೆ ಬೇರೆ ಕಡೆ ನೋಡುತ್ತ ನಿಲ್ಲುತ್ತಿದ್ದ. "ವಾಪಸ್ ಸಿಗುತ್ತಾ?" ಎಂದು ಎಲ್ಲರೂ ಕೇಳುತ್ತಿದ್ದರು. "ಸಾಲ ತೀರಿಸಿದ್ರೆ ಸಿಗುತ್ತೆ" ಎಂದು ಎಲ್ಲರಿಗೂ ಹೇಳುತ್ತಿದ್ದ. ಆಮೇಲೆ ಹೊರಡುವ ಮುಂಚೆ ಹಿಂದಿನದು ಕಾಣುವ ಕನ್ನಡಿಯನ್ನು ಚಾವಣಿಯ ಕಡೆ ತಿರುಗಿಸಿಬಿಡುತ್ತಿದ್ದ. ಗೇಟಿನ ಹತ್ತಿರ ನಿಂತು ಅಳುವವರನ್ನು ಒಮ್ಮೆ ಕನ್ನಡಿಯಲ್ಲಿ ನೋಡಿಬಿಟ್ಟರೆ ರಾತ್ರಿ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಹೀಗೆ ಅವನು ಓಡಿಸದ ಕಾರಿರಲಿಲ್ಲ. ಆದರೆ ಒಮ್ಮೆ ಒಂದು ಕೆಂಪು ಸ್ಪೋರ್ಟ್ಸ್ ಕಾರನ್ನು ಜಪ್ತಿ ಮಾಡಿ ತಂದ. ಎರಡೇ ಸೀಟು, ಮಡಚಿಡುವ ಮೇಲ್ಛಾವಣಿ, ಮುಟ್ಟಿದರೆ ಹುಲಿಮರಿಯ ಹಾಗೆ ಗುರುಗುಟ್ಟುವ ಎಂಜಿನ್ನು. ಅಂಗಳ ಬರುವಷ್ಟರಲ್ಲಿ ಅವನ ಬುದ್ಧಿ ಅರ್ಧ ಹೋಗಿತ್ತು. ಇಂಥದ್ದೊಂದನ್ನು, ಹಿಂದೆ ಯಾರೂ ಅಳದ ಹಾಗೆ, ಕನ್ನಡಿ ತಿರುಗಿಸದೆ ಒಂದು ಸಲ ಓಡಿಸಬೇಕು ಎಂಬ ಆಸೆ ಅವತ್ತು ಹೊಕ್ಕದ್ದು ಮತ್ತೆ ಬಿಡಲಿಲ್ಲ. ಪಕ್ಕದಲ್ಲಿ ಹೆಂಡತಿ ಕೂತಿರಬೇಕು. ಜಪ್ತಿ ಗಾಡಿಯಲ್ಲಿ ಬೇರೆಯವರನ್ನು ಕೂರಿಸುವಂತಿಲ್ಲವಾದ್ದರಿಂದ, ದಿನಕ್ಕೊಂದು ಕಾರು ಓಡಿಸುವವನ ಹೆಂಡತಿ ಮದುವೆಯಾದಾಗಿನಿಂದ ಬಸ್ಸಿನಲ್ಲೇ ಓಡಾಡುತ್ತಿದ್ದಳು.

ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದ. ಹೆಂಡತಿ ಊರವರ ಪರದೆಗಳನ್ನೆಲ್ಲ ಹೊಲಿದು ಅವಳ ಪಾಲನ್ನೂ ಸೇರಿಸಿದಳು. ಕೊನೆಗೊಬ್ಬ ಹಲ್ಲಿನ ಡಾಕ್ಟರು ಸಿಕ್ಕರು. ಅವರ ಹತ್ತಿರ ಅಂಥದೇ ಕೆಂಪು ಕಾರಿತ್ತು. ಬೆನ್ನುನೋವು ಬಂದು, ಅಷ್ಟು ತಗ್ಗಿನ ಸೀಟಿನಲ್ಲಿ ಕೂತರೆ ಏಳಿಸಲು ಇಬ್ಬರು ಬೇಕಾಗುತ್ತಿದ್ದುದರಿಂದ ಮಾರುವವರಿದ್ದರು.

ವಿಷಯ ಕೇಳಿ ಕಂಪನಿಯ ಮ್ಯಾನೇಜರು ಅವನನ್ನು ಕರೆದು ಕೂರಿಸಿದ.

"ಹುಚ್ಚಾ, ಪೂರ್ತಿ ಹಣ ಯಾರಾದ್ರೂ ಕೊಡ್ತಾರಾ? ನಮ್ಮವರಿಗೆ ಅಂತ ಕಡಿಮೆ ಬಡ್ಡಿ ಸಾಲ ಇದೆ. ನಿನ್ನ ದುಡ್ಡು ನಿನ್ನ ಹತ್ರಾನೇ ಇರ್ಲಿ, ಎಲ್ಲಾದ್ರೂ ಹಾಕು, ಬೆಳೆಯುತ್ತೆ. ಕಾರಿನ ಬೆಲೆ ಗೇಟು ದಾಟಿದ ಕೂಡ್ಲೆ ಇಳಿಯೋಕೆ ಶುರು. ಇಳಿಯೋ ವಸ್ತುಗೆ ಸ್ವಂತ ದುಡ್ಡು ಸುರಿಬಾರ್ದು. ಸಾಲ ಮಾಡಿಯಾದ್ರೂ ತುಪ್ಪ ತಿನ್ನು ಅಂತ ಹಿರಿಯರು ಸುಮ್ನೆ ಹೇಳಿದ್ದಾರಾ?"

"ತುಪ್ಪ ತಿಂದವರ ಮನೆಗೆ ಹೋಗೋನು ನಾನೇ ಅಲ್ವಾ ಸಾರ್?" ಎಂದ ಜಪ್ತಿಯಣ್ಣ. "ಸಾಲ ಇಲ್ಲದ ಗಾಡಿ ಮುಟ್ಟೋ ಗಂಡಸು ಈ ಭೂಮಿ ಮೇಲೆ ಹುಟ್ಟಿಲ್ಲ. ನನಗೆ ಅಷ್ಟು ಸಾಕು."

ಮ್ಯಾನೇಜರನ ಲೆಕ್ಕ ತಪ್ಪೆಂದು ಹೇಳಲಾಗದು. ಆದರೆ ಅವನು ಯಾರ ಗೇಟಿನ ಮುಂದೂ ನಿಂತವನಲ್ಲ.

ಆ ಬೆಳಿಗ್ಗೆ ಜಪ್ತಿಯಣ್ಣ ಹಣವನ್ನೆಲ್ಲ ಡಾಕ್ಟರಿಗೆ ಒಪ್ಪಿಸಿದ. ಅವರು ತಮ್ಮ ಔಷಧಿ ಚೀಟಿಯ ಮೇಲೆ "ಪೂರ್ತಿ ಹಣ ಸಂದಿದೆ" ಎಂದು ಬರೆದು ಸಹಿ ಹಾಕಿ, ನಾಳೆ ಸಾರಿಗೆ ಕಚೇರಿಗೆ ಹೋಗಿ ಹೆಸರು ಬದಲಾಯಿಸೋಣ ಎಂದರು. ಚೀಟಿಯ ಕೆಳಗೆ "ದಿನಕ್ಕೆರಡು ಸಲ ಹಲ್ಲುಜ್ಜಿ" ಎಂದು ಅಚ್ಚಾಗಿತ್ತು.

ಕೆಂಪು ಕಾರು ಬೀದಿಗೆ ಬಂದು ನಿಂತಾಗ ಜನ ಸೇರಿದರು. ಮುಂದೆ ನಿಂತವರು ಎದುರುಮನೆಯ ನಿವೃತ್ತ ಪೋಸ್ಟ್ ಮಾಸ್ತರು. ಬೀದಿಯಲ್ಲಿ ಎಲೆ ಉದುರಿದರೂ ಅವರಿಗೆ ವರದಿ ಹೋಗಬೇಕು.

"ಅಯ್ಯೋ ಪಾಪ, ಯಾರದಪ್ಪಾ ಇದು?" ಎಂದರು.

"ನಂದೇ ಮಾಸ್ತರೇ!"

ಎಲ್ಲರೂ ನಕ್ಕರು. "ನೀನು ತಂದಿದ್ದೆಲ್ಲಾ ಸಂಜೆವರೆಗೆ ನಿಂದೇ ಅಲ್ವೇನಯ್ಯಾ!"

"ತಮಾಷೆ ಅಲ್ಲ. ದುಡ್ಡು ಕೊಟ್ಟು ತಗೊಂಡೆ."

"ಸಾಲ ಎಷ್ಟು ಮಾಡಿದೆ?"

"ಸಾಲಾನೇ ಇಲ್ಲ."

ನಗು ನಿಂತುಹೋಯಿತು. ಸಾಲ ಮಾಡಿದೆ ಎಂದಿದ್ದರೆ ನಂಬುತ್ತಿದ್ದರು, ಬುದ್ಧಿ ಹೇಳುತ್ತಿದ್ದರು, ಒಳಗೊಳಗೇ ಸಮಾಧಾನವನ್ನೂ ಪಡುತ್ತಿದ್ದರು. ಸಾಲವಿಲ್ಲದ ಸ್ಪೋರ್ಟ್ಸ್ ಕಾರು ಆ ಬೀದಿಯ ಗಂಟಲಲ್ಲಿ ಇಳಿಯುವ ವಸ್ತುವಾಗಿರಲಿಲ್ಲ. ಪಕ್ಕದ ಮನೆಯಾಕೆ ಬಾನೆಟ್ಟಿಗೆ ಕೈಹಾಕಿದ್ದ ತನ್ನ ಮಗುವನ್ನು ಎಳೆದುಕೊಂಡು, "ಮುಟ್ಬೇಡ, ಯಾರದೋ ಕಣ್ಣೀರು ಅಂಟುತ್ತೆ" ಎಂದಳು. ಜಪ್ತಿಯಣ್ಣ ಕಿಸೆಯಿಂದ ಚೀಟಿ ತೆಗೆದು ತೋರಿಸಿದ. ಮಾಸ್ತರು ಕನ್ನಡಕ ಏರಿಸಿ ಓದಿ, ಅವನ ಬಾಯಿಯನ್ನೊಮ್ಮೆ ನೋಡಿ, ಚೀಟಿ ಮರಳಿ ಕೊಟ್ಟರು.

"ಹಲ್ಲು ಕೀಳಿಸ್ಕೊಂಡಿದ್ಯಾ?" ಎಂದು ಕನಿಕರದಿಂದ ಕೇಳಿದರು.

ವಾದಿಸಿ ಉಪಯೋಗವಿಲ್ಲವೆಂದು ಜಪ್ತಿಯಣ್ಣ ಮನೆಯೊಳಗೆ ಹೋದ. ಸಂಜೆ ಬಿಸಿಲು ಇಳಿದ ಮೇಲೆ ಕೆರೆದಂಡೆಯ ರಸ್ತೆಯಲ್ಲಿ ಹೆಂಡತಿಯನ್ನು ಕರೆದುಕೊಂಡು ಹೋಗುವುದೆಂದು ನಿಶ್ಚಯವಾಗಿತ್ತು. ಆಕೆ ತೆರೆದ ಕಾರಿನಲ್ಲಿ ಕೂದಲು ಹಾರದಿರಲೆಂದು ಪರದೆಬಟ್ಟೆಯಲ್ಲಿ ಉಳಿದ ನೀಲಿ ತುಂಡಿನಿಂದ ತಲೆವಸ್ತ್ರ ಹೊಲಿದಿಟ್ಟುಕೊಂಡಿದ್ದಳು. ಅವನು ಸ್ನಾನಕ್ಕೆ ಹೋದ. ಸ್ನಾನದ ಮನೆಯಲ್ಲಿ ಹಾಡಿದ. ಆ ಮನೆಯಲ್ಲಿ ಅವನು ಹಾಡಿದ್ದು ಅದೇ ಮೊದಲು. ಹಾಡಿನ ಗದ್ದಲದಲ್ಲಿ ಹೊರಗಿನ ಸದ್ದು ಕೇಳಿಸಲಿಲ್ಲ.

ತಲೆ ಬಾಚಿಕೊಂಡು ಹೊರಬಂದಾಗ ಕಾರಿನ ಜಾಗದಲ್ಲಿ ಒಂದು ನಾಯಿ ಮಲಗಿತ್ತು.

"ಗಾಬರಿಯಾಗ್ಬೇಡ," ಎಂದರು ಮಾಸ್ತರು, ತಮ್ಮ ಗೇಟಿನಿಂದಲೇ. "ನಾನೇ ನಿಮ್ಮ ಕಂಪನಿಗೆ ಫೋನ್ ಮಾಡಿದೆ. ಜಪ್ತಿ ಗಾಡೀನ ಮನೇಲಿ ಇಟ್ಕೊಂಡ್ರೆ ಕೆಲಸ ಹೋಗುತ್ತೆ ಅಂತ ನೀನೇ ಒಂದ್ಸಲ ಹೇಳಿದ್ದೆ. ಆಸೆ ಯಾರಿಗಿಲ್ಲ ಹೇಳು? ಹುಡುಗ ಇವತ್ತು ಸ್ವಲ್ಪ ತಲೆ ತಿರುಗಿ ಮನೆಗೆ ತಂದಿದ್ದಾನೆ, ಸದ್ದಿಲ್ಲದೆ ತಗೊಂಡ್ಹೋಗಿ ಅಂದೆ. ಚುರುಕ ಅಂತ ಒಬ್ಬ ಬಂದು ಲಾರಿಗೆ ಏರಿಸ್ಕೊಂಡು ಹೋದ. ನಿನ್ನ ಅನ್ನ ಉಳಿಸಿದೀನಿ ಕಣಯ್ಯಾ."

ಮಾಸ್ತರ ಕಣ್ಣಲ್ಲಿ ಪ್ರಾಮಾಣಿಕವಾದ ಪ್ರೀತಿಯಿತ್ತು. ಜಪ್ತಿಯಣ್ಣನಿಗೆ ಅವರನ್ನು ಹೊಡೆಯಬೇಕೆನ್ನಿಸಿತು, ಹೊಡೆಯಲಾಗಲಿಲ್ಲ. ಚುರುಕ ಅವನದೇ ಶಿಷ್ಯ. ಕೇಳದೆ ಏರಿಸು, ಏರಿಸಿದ ಮೇಲೆ ಕೇಳು ಎಂದು ಕಲಿಸಿದವನು ಇವನೇ.

"ನಾನು ಕಾಯ್ತಿರ್ತೀನಿ ರೀ," ಎಂದಳು ಹೆಂಡತಿ. ಆಗಲೇ ಚಪ್ಪಲಿ ಮೆಟ್ಟಿ, ತಲೆವಸ್ತ್ರ ಕಟ್ಟಿಕೊಂಡಾಗಿತ್ತು. ಮೆಟ್ಟಿಲ ಮೇಲೆ ಕೂತಳು.

ಬಸ್ಸು ಹಿಡಿದು ಕಂಪನಿಯ ಅಂಗಳಕ್ಕೆ ಓಡಿದ. ತಂತಿಬೇಲಿಯ ಆಚೆ, ಧೂಳು ಹಿಡಿದ ನೂರಾರು ಗಾಡಿಗಳ ನಡುವೆ, ಅವನ ಕೆಂಪು ಕಾರು ಶಾಲೆಗೆ ಹೊಸದಾಗಿ ಸೇರಿದ ಮಗುವಿನ ಹಾಗೆ ನಿಂತಿತ್ತು. ಗೇಟಿನಲ್ಲಿ ಕಾವಲುಗಾರ.

"ಅದು ನನ್ನ ಸ್ವಂತ ಕಾರು ಮಾರಾಯ, ಬಿಡು."

"ಸಾಲ ತೀರಿದ ಪತ್ರ?"

"ಸಾಲಾನೇ ಮಾಡಿಲ್ಲ. ತೀರಿಸೋದು ಎಲ್ಲಿಂದ?"

ಕಾವಲುಗಾರ ತಲೆಯ ಮೇಲಿನ ಹಲಗೆ ತೋರಿಸಿದ. "ಪತ್ರವಿಲ್ಲದೆ ಗಾಡಿ ಬಿಡಲಾಗುವುದಿಲ್ಲ. ಅಳಬಾರದು." ಯಾರೋ ಅತ್ತು ಕರೆದು ಗಾಡಿ ಬಿಡಿಸಿಕೊಂಡು ಹೋದ ಮೇಲೆ ಆ ಹಲಗೆ ಬರೆಸಿದ್ದು ಸಾಕ್ಷಾತ್ ಜಪ್ತಿಯಣ್ಣ.

"ಅಣ್ಣಾ, ಸಾಲ ಇಲ್ಲ ಅಂತ ಎಲ್ಲರೂ ಹೇಳ್ತಾರೆ, ಮುಖ ನೋಡಿ ನಂಬಬೇಡ ಅಂತ ನೀವೇ ನನಗೆ ಹೇಳ್ಕೊಟ್ಟಿದ್ದು," ಎಂದ ಕಾವಲುಗಾರ ತಪ್ಪಿತಸ್ಥನ ಹಾಗೆ. "ಈಗ ನಿಮ್ಮ ಮುಖ ನೋಡಿ ನಂಬಿದ್ರೆ ನಿಮ್ಮ ಮಾತು ಮೀರಿದ ಹಾಗಾಗಲ್ವಾ?"

ತಾನೇ ತೋಡಿದ ಗುಂಡಿ ಎಷ್ಟು ಆಳವಿದೆಯೆಂದು ಬಿದ್ದವನಿಗೇ ಗೊತ್ತು. ಜಪ್ತಿಯಣ್ಣ ಮ್ಯಾನೇಜರನ ಕೋಣೆಗೆ ಹೋದ.

ಮ್ಯಾನೇಜರು ಎಲ್ಲ ಕೇಳಿ ನಗಲಿಲ್ಲ. ಅದು ಅವನ ಒಳ್ಳೆಯತನ. "ನಿನ್ನದೇ ಕಾರು ಅಂತ ನನಗೆ ಗೊತ್ತಿಲ್ವೇನಪ್ಪಾ? ನನಗೆ ಗೊತ್ತಿದ್ದು ಏನು ಬಂತು, ಕಂಪ್ಯೂಟರಿಗೆ ಗೊತ್ತಾಗ್ಬೇಕಲ್ಲ. ಒಳಗೆ ಬಂದ ಗಾಡಿ ಹೊರಗೆ ಹೋಗ್ಬೇಕಾದ್ರೆ ಸಾಲದ ನಂಬರ್ ಕೇಳುತ್ತೆ. ಸಾಲ ಇದ್ದಿದ್ರೆ ಎರಡು ನಿಮಿಷದ ಕೆಲಸ."

"ಇಲ್ಲ ಅಂದ್ರೆ?"

"ದೊಡ್ಡ ಕಚೇರಿಗೆ ಬರೀಬೇಕು. ಅವರು ಯೋಚನೆ ಮಾಡೋ ಹೊತ್ತಿಗೆ, ವಾರಸುದಾರರಿಲ್ಲದ ಗಾಡಿ ಅಂತ ಹರಾಜಿಗೆ ಹೋಗಿರುತ್ತೆ." ಮ್ಯಾನೇಜರು ದನಿ ತಗ್ಗಿಸಿದ. "ಒಂದು ದಾರಿ ಇದೆ. ಕಾರಿನ ಮೇಲೆ ಒಂದು ಸಣ್ಣ ಸಾಲ ತಗೋ. ಹೆಸರಿಗೆ ಮಾತ್ರ. ನಂಬರ್ ಬರುತ್ತೆ, ಗೇಟು ತೆಗೆಯುತ್ತೆ. ನಾಳೆ ಬೆಳಿಗ್ಗೆ ಬಂದು ತೀರಿಸಿಬಿಡು."

ಕಿಟಕಿಯಾಚೆ ಬಿಸಿಲು ಹಳದಿಯಾಗುತ್ತಿತ್ತು. ಮೆಟ್ಟಿಲ ಮೇಲೆ ನೀಲಿ ತಲೆವಸ್ತ್ರ ಕಟ್ಟಿಕೊಂಡು ಕೂತವಳ ನೆನಪು ಅವನನ್ನು ಹಿಂಡಿತು. ಅವನು ಜೀವಮಾನದಲ್ಲಿ ಯಾರಿಗೂ ಒಂದು ಪೈಸೆ ಬಾಕಿ ಉಳಿಸಿಕೊಂಡವನಲ್ಲ. ಸಹಿ ಹಾಕುವಾಗ ಕೈ ನಡುಗಿತು. ಎಷ್ಟೋ ಮನೆಗಳಲ್ಲಿ, ಎಷ್ಟೋ ಜನರ ಕಾಗದಗಳ ಕೆಳಗೆ, ಅವನು ಇಂಥ ನಡುಗಿದ ಸಹಿಗಳನ್ನು ನೋಡಿದ್ದ. ಅವರು ಕುಡಿದಿದ್ದರು ಎಂದುಕೊಂಡಿದ್ದ.

ಗೇಟು ತೆರೆಯಿತು. ಕಾವಲುಗಾರ ಸಲಾಮು ಹೊಡೆದ. ಕಾರು ಗುರುಗುಟ್ಟಿ ರಸ್ತೆಗಿಳಿದಾಗ ಜಪ್ತಿಯಣ್ಣನ ಎದೆಯೂ ಜೊತೆಗೇ ಗುರುಗುಟ್ಟಿತು. ಬೀದಿ ಮುಟ್ಟಿದಾಗ ಇನ್ನೂ ಸ್ವಲ್ಪ ಬೆಳಕಿತ್ತು. ಹೆಂಡತಿ ಫ್ಲಾಸ್ಕಿನಲ್ಲಿ ಟೀ ತುಂಬಿಕೊಂಡು ಅಲ್ಲೇ ಕೂತಿದ್ದಳು. ಎದ್ದು ಬಂದು, ಬಾಗಿಲು ತೆರೆದು, ತಗ್ಗಿನ ಸೀಟಿನಲ್ಲಿ ಕೂತು, "ಅಬ್ಬಾ, ನೆಲದಲ್ಲಿ ಕೂತ ಹಾಗೇ ಇದೆ" ಎಂದು ಮಗುವಿನ ಹಾಗೆ ನಕ್ಕಳು. ಅವನೂ ನಕ್ಕ. ಕನ್ನಡಿಯನ್ನು ನೇರ ಮಾಡಿಕೊಂಡ. ಹಿಂದೆ ಖಾಲಿ ಬೀದಿ, ಮಲಗಿದ್ದ ಅದೇ ನಾಯಿ. ಯಾರೂ ಅಳುತ್ತಿರಲಿಲ್ಲ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಕಂಪನಿಯ ಕಂಪ್ಯೂಟರು ದಿನವೂ ಕೆಲಸ ಹಂಚುವ ಸಂದೇಶ. "ಜಪ್ತಿಯಾದ ಗಾಡಿ. ಸಾಲ ಬಾಕಿ ಇದೆ. ಅಂಗಳದಲ್ಲಿ ಇಲ್ಲ. ಇಂದೇ ತನ್ನಿ." ಕೆಳಗೆ ಗಾಡಿಯ ನಂಬರು, ಬಣ್ಣ ಕೆಂಪು. ಹತ್ತಿರದಲ್ಲಿರುವ ನೌಕರನೆಂದು ಅವನನ್ನೇ ಆರಿಸಿ ಕಳಿಸಿತ್ತು.

ಅವನು ಮ್ಯಾನೇಜರಿಗೆ ಫೋನು ಮಾಡಿದ.

"ಅಯ್ಯೋ ಹೌದಲ್ಲಪ್ಪಾ," ಎಂದ ಮ್ಯಾನೇಜರು. "ಮಧ್ಯಾಹ್ನ ಜಪ್ತಿ ಅಂತ ಬರೆದಿದೆ, ಸಂಜೆ ಸಾಲ ಇದೆ ಅಂತ ಬರೆದಿದೆ. ಕಂಪ್ಯೂಟರು ಎರಡನ್ನೂ ಸೇರಿಸಿ ಲೆಕ್ಕ ಹಾಕ್ಬಿಟ್ಟಿದೆ. ಬೆಳಿಗ್ಗೆವರೆಗೆ ನನ್ನ ಕೈಲೂ ಏನಿಲ್ಲ. ಈಗ ನೀನು ತರದಿದ್ರೆ ಅದು ಚುರುಕನ್ನ ಕಳಿಸುತ್ತೆ, ಅಷ್ಟೇ."

"ಚುರುಕ ಬೇಡ ಸಾರ್," ಎಂದ ಜಪ್ತಿಯಣ್ಣ. "ಅವನು ಬಂಪರ್ ಕೆರೀತಾನೆ. ನಾನೇ ತರ್ತೀನಿ."

ಫೋನು ಕಿಸೆಗೆ ಹಾಕಿಕೊಂಡ. ಕಾರಿಳಿದು, ಸುತ್ತಿ ಬಂದು, ಹೆಂಡತಿಯ ಕಡೆಯ ಬಾಗಿಲು ತೆರೆದ. ಅವನ ಬಾಯಿಗೆ ಬೇರೆ ಮಾತು ಬರಲಿಲ್ಲ. ಇಷ್ಟು ಕಾಲ ಆಡಿ ಆಡಿ ಸವೆದ ಮಾತೇ ಬಂತು.

"ಒಳಗಿನ ಸಾಮಾನು ತಗೊಳ್ಳಿ ಅಮ್ಮಾ. ಅವಸರ ಇಲ್ಲ. ಐದು ನಿಮಿಷ ಟೈಮಿದೆ."

ಆಕೆ ಅವನ ಮುಖ ನೋಡಿದಳು. ಫ್ಲಾಸ್ಕು ಎತ್ತಿಕೊಂಡಳು, ತಲೆವಸ್ತ್ರ ಬಿಚ್ಚಿ ಮಡಚಿಕೊಂಡಳು, ಇಳಿದು ಗೇಟಿನ ಹತ್ತಿರ ನಿಂತಳು. ಆಮೇಲೆ ಎಲ್ಲರೂ ಕೇಳುವುದನ್ನೇ ಕೇಳಿದಳು.

"ವಾಪಸ್ ಸಿಗುತ್ತಾ ರೀ?"

"ಸಾಲ ತೀರಿಸಿದ್ರೆ ಸಿಗುತ್ತೆ," ಎಂದ ಜಪ್ತಿಯಣ್ಣ.

ಮಾಸ್ತರು ರಸ್ತೆ ದಾಟಿ ಬಂದು ಆಕೆಯ ಪಕ್ಕದಲ್ಲಿ ನಿಂತು, "ಅಳಬೇಡಮ್ಮಾ, ಬೇರೆಯವರ ವಸ್ತು ನಮಗ್ಯಾಕೆ? ಕೊನೆಗಾದ್ರೂ ಬುದ್ಧಿ ಬಂತಲ್ಲ ನಿನ್ನ ಗಂಡಂಗೆ," ಎಂದು ಸಮಾಧಾನ ಹೇಳತೊಡಗಿದರು. ಜಪ್ತಿಯಣ್ಣ ಕಾರಿನಲ್ಲಿ ಕೂತು ಅಭ್ಯಾಸಬಲದಿಂದ ಕನ್ನಡಿಗೆ ಕೈ ಹಾಕಿದ. ಮೇಲಕ್ಕೆ ತಿರುಗಿಸಿದ. ಈ ಕಾರಿನ ಚಾವಣಿ ಮಡಚಿಟ್ಟಿದ್ದರಿಂದ ಅದರಲ್ಲಿ ಬರೀ ಆಕಾಶ ಕಾಣಿಸಿತು. ಹಾಗೇ ಅಂಗಳದವರೆಗೆ ಓಡಿಸಿಕೊಂಡು ಹೋದ.